ಅಂಗಡಿಯ ಹುಲಿ, ಹಿಟ್ಟಿನ ಹುಂಜ

ಮೂಡಿಗೆರೆ ತಾಲ್ಲೂಕಿನ ಅಂಗಡಿ ಈಗ ಕಾಫಿ ತೋಟಗಳ ನಡುವಿನ ಒಂದು ಸಣ್ಣ ಊರು. ಶಾಸನಗಳಲ್ಲಿ ಇದರ ಹೆಸರು ಸೊಸೆವೂರು, ಸಂಸ್ಕೃತದಲ್ಲಿ ಶಶಕಪುರ. ಹೊಯ್ಸಳರು ಬೇಲೂರಿಗೂ ದೋರಸಮುದ್ರಕ್ಕೂ ಇಳಿಯುವ ಮೊದಲು ಇದ್ದ ನೆಲೆ ಇದು. ಇಲ್ಲಿ ವಾಸಂತಿಕಾ ದೇವಿಯ ಗುಡಿಯಿದೆ, ಹಳೆಯ ಬಸದಿಗಳಿವೆ. ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತಿರುವ ಕಥೆ ನಡೆದದ್ದೂ ಇಲ್ಲೇ. ಜೈನ ಮುನಿ ಸುದತ್ತನ ಎದುರಿಗೆ ಹುಲಿಯೊಂದು ಹಾರಿ ಬಂತು. ಮುನಿ ತನ್ನ ಶಿಷ್ಯನಿಗೆ 'ಹೊಯ್ ಸಳ' ಎಂದ. ಸಳ ಹೊಡೆದ, ಹುಲಿ ಸತ್ತಿತು, ಒಂದು ರಾಜವಂಶಕ್ಕೆ ಹೆಸರು ಬಂತು. ಬೇಲೂರು, ಹಳೇಬೀಡುಗಳ ಗುಡಿಗಳಲ್ಲಿ ಆ ಹುಲಿಯೂ ಆ ಯುವಕನೂ ಕಲ್ಲಾಗಿ ಇನ್ನೂ ಸೆಣಸುತ್ತಿದ್ದಾರೆ.

ಈ ಕಥೆಯನ್ನು ಚರಿತ್ರೆಕಾರರು ಐತಿಹ್ಯವೆಂದೇ ಓದುತ್ತಾರೆ. ಹುಲಿ ಚೋಳರ ಲಾಂಛನವಾದ್ದರಿಂದ ಇದು ಚೋಳರ ಮೇಲಿನ ಗೆಲುವಿನ ಸಂಕೇತವೆಂದು ಹೇಳುವವರೂ ಇದ್ದಾರೆ. ಅದೇನೇ ಇರಲಿ, ಐತಿಹ್ಯದೊಳಗೆ ನಾವು ಕೇಳದೆ ಬಿಡುವ ಒಂದು ಪ್ರಶ್ನೆ ಉಳಿದೇ ಇದೆ. ನೆಲದ ಮೇಲಿನ ಇರುವೆ ಸತ್ತೀತೆಂದು ನವಿಲುಗರಿಯ ಪಿಂಛಿಯಿಂದ ಜಾಗ ಸವರಿ ಕೂರುವ ಮುನಿ 'ಹೊಡಿ' ಎಂದು ಹೇಗೆ ಹೇಳಿದ?

ಇದು ಹುಲಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಇಂದು ಜಗತ್ತಿನ ಬೇರೆ ಬೇರೆ ಕಡೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಏಳುತ್ತದೆ. ಗರ್ಭಪಾತವನ್ನು ಕೊಲೆಯೆನ್ನುವವರು ಯುದ್ಧಕ್ಕೆ ಹೇಗೆ ಜೈಕಾರ ಹಾಕುತ್ತಾರೆ ಎಂದು ಒಬ್ಬರು ಕೇಳುತ್ತಾರೆ. ಯುದ್ಧದಲ್ಲಿ ಸತ್ತ ಮಗುವಿಗಾಗಿ ಅಳುವವರು ಗರ್ಭದೊಳಗಿನದ್ದಕ್ಕೆ ಯಾಕೆ ಅಳುವುದಿಲ್ಲ ಎಂದು ಇನ್ನೊಬ್ಬರು ಕೇಳುತ್ತಾರೆ. ಎರಡೂ ಕಡೆಯವರು ಪರಸ್ಪರರನ್ನು ಇಬ್ಬಂದಿಗಳೆಂದು ಕರೆಯುತ್ತಾರೆ. ಪಶ್ಚಿಮದ ಚರ್ಚುಗಳಲ್ಲಿ, ಚುನಾವಣೆಗಳಲ್ಲಿ ಹುಟ್ಟಿದ ಜಗಳವಿದು ಎಂದು ನಾವು ಪಕ್ಕಕ್ಕೆ ತಳ್ಳಬಹುದು. ಆದರೆ ಕೊಲ್ಲುವುದರಲ್ಲಿ ಯಾವುದು ಸರಿ, ಯಾವುದು ತಪ್ಪು, ಅದನ್ನು ಅಳೆಯುವ ಕೋಲು ಯಾವುದು ಎಂಬ ತರ್ಕ ಈ ಮಲೆನಾಡಿನ ಅಂಚಿನಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ನಡೆದಿತ್ತು.

ಅದನ್ನು ನಡೆಸಿದವನು ಜನ್ನ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ಅವನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ. ಜನ್ನ ಮಂತ್ರಿಯೂ ಹೌದು, ದಂಡಾಧೀಶನೂ ಹೌದು. ಅಂದರೆ ಆಸ್ಥಾನದ ಮೂಲೆಯಲ್ಲಿ ಕೂತು ಬರೆದ ಕವಿಯಲ್ಲ, ರಾಜ್ಯ ನಡೆಸುವ ಕೈಗಳಲ್ಲಿ ಒಂದು ಕೈ. 1209ರಲ್ಲಿ ಅವನು ಬರೆದ ಯಶೋಧರ ಚರಿತೆಯ ಕೇಂದ್ರದಲ್ಲಿರುವುದು ಒಂದು ಹಿಟ್ಟಿನ ಹುಂಜ. ಕೆಟ್ಟ ಕನಸಿನ ಶಾಂತಿಗೆ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಮಗ ಯಶೋಧರನನ್ನು ಒತ್ತಾಯಿಸುತ್ತಾಳೆ. ಜೀವಹಿಂಸೆ ಆಗದೆಂದು ಮಗ ಹೇಳುತ್ತಾನೆ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಹಿಟ್ಟಿನಲ್ಲಿ ಹುಂಜ ಮಾಡಿ ಅದನ್ನೇ ಕಡಿಯೋಣ. ಕತ್ತಿ ಬಿದ್ದಾಗ ಹಿಟ್ಟಿನ ಹುಂಜ ಕೂಗುತ್ತದೆ. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಾಗಿ, ಮತ್ತೇನೇನೋ ಆಗಿ ಜನ್ಮಜನ್ಮಾಂತರ ಒದ್ದಾಡುತ್ತಾರೆ. ಈ ಕಥಾಪರಂಪರೆಯಲ್ಲಿ ಒಂದು ಜನ್ಮದಲ್ಲಿ ಯಶೋಧರ ಮೇಕೆಯ ಹೊಟ್ಟೆಯ ಮರಿಯಾಗಿರುತ್ತಾನೆ. ಬೇಟೆಗೆ ಬಂದ ಅವನ ಸ್ವಂತ ಮಗನೇ ಆ ಗಬ್ಬದ ಮೇಕೆಯನ್ನು ಕೊಲ್ಲುತ್ತಾನೆ.

ಇಲ್ಲಿ ಒಂದು ಕಾಕತಾಳೀಯ ಗಮನಿಸಬೇಕು. ಯಶೋಧರನ ಕಥೆಯಲ್ಲಿ ಅಹಿಂಸೆಯ ಪಾಠ ಹೇಳುವ ಮುನಿಯ ಹೆಸರೂ ಸುದತ್ತ. ಕಳಿಂಗದ ರಾಜ್ಯ ಬಿಟ್ಟು ಸನ್ಯಾಸಿಯಾದವನು. ಹೊಯ್ಸಳರ ಮನೆಯ ಐತಿಹ್ಯದ ಸುದತ್ತ 'ಹೊಯ್' ಎನ್ನುತ್ತಾನೆ. ಹೊಯ್ಸಳರ ಆಸ್ಥಾನದ ಕಾವ್ಯದ ಸುದತ್ತ ಹಿಟ್ಟಿನ ಗೊಂಬೆಯನ್ನು ಹೊಡೆದದ್ದೂ ಹಿಂಸೆಯೇ ಎನ್ನುತ್ತಾನೆ. ಇಬ್ಬರೂ ಒಬ್ಬರೆಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ಅರಮನೆ ಒಂದೇ ಹೆಸರಿನ ಇಬ್ಬರು ಮುನಿಗಳನ್ನು ಇಟ್ಟುಕೊಂಡು, ಅವರಿಬ್ಬರನ್ನು ಎದುರುಬದುರು ಕೂರಿಸದೆ ಕಾಲ ಕಳೆಯಿತು ಎಂಬುದು ಸಣ್ಣ ಸಂಗತಿಯಲ್ಲ.

ಜೈನರು ಇದನ್ನು ಯೋಚಿಸದೆ ಬಿಟ್ಟಿರಲಿಲ್ಲ. ಗೃಹಸ್ಥನಿಗೆ ಅವರು ಹಿಂಸೆಯನ್ನು ವಿಂಗಡಿಸಿ ಹೇಳಿದರು. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪ ಹಿಂಸೆ. ಒಲೆ ಹಚ್ಚುವಾಗ, ಮನೆ ಗುಡಿಸುವಾಗ ಆಗುವುದು ಆರಂಭ ಹಿಂಸೆ. ಉಳುಮೆಯಲ್ಲಿ, ಕಸುಬಿನಲ್ಲಿ ಆಗುವುದು ಉದ್ಯೋಗ ಹಿಂಸೆ. ಮೇಲೆ ಬಿದ್ದವನನ್ನು ತಡೆಯುವಾಗ ಆಗುವುದು ವಿರೋಧಿ ಹಿಂಸೆ. ಮೊದಲನೆಯದನ್ನು ಗೃಹಸ್ಥ ಬಿಡಲೇಬೇಕು, ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಈ ಲೆಕ್ಕದಲ್ಲಿ ಹುಲಿ ಸತ್ತರೂ ಸಳನ ತಪ್ಪು ಚಿಕ್ಕದು, ಯಾವ ಜೀವವೂ ಸಾಯದಿದ್ದರೂ ಯಶೋಧರನ ತಪ್ಪು ದೊಡ್ಡದು. 959ರಲ್ಲಿ ಯಶಸ್ತಿಲಕ ಬರೆದ ಸೋಮದೇವ ಸೂರಿ ಈ ಮಾತನ್ನು ರಾಜರಿಗೂ ಅನ್ವಯಿಸಿದ. ಆಯುಧ ಹಿಡಿದು ಎದುರು ನಿಂತವನ ಮೇಲೆ, ನಾಡಿಗೆ ಮುಳ್ಳಾದವನ ಮೇಲೆ ಮಾತ್ರ ರಾಜ ಆಯುಧ ಎತ್ತಬೇಕು, ದುರ್ಬಲರ ಮೇಲಲ್ಲ ಎಂಬುದು ಅವನ ನಿಲುವು. ಹಿಟ್ಟಿನ ಹುಂಜದ ಕಥೆ ಹೇಳಿದವನೂ ಅವನೇ, ನೀತಿವಾಕ್ಯಾಮೃತವೆಂಬ ರಾಜನೀತಿಯ ಗ್ರಂಥ ಬರೆದವನೂ ಅವನೇ.

ಈ ವಿಂಗಡಣೆಯ ಆಸರೆಯಲ್ಲೇ ಕನ್ನಡ ನಾಡಿನ ಜೈನ ದಂಡನಾಯಕರು ಬದುಕಿದರು. ಸಮರಧುರಂಧರನೆಂಬ ಬಿರುದಿದ್ದ ಚಾವುಂಡರಾಯ ಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರಿಂದ ತಲಕಾಡನ್ನು ಗೆದ್ದ, ಚಾಲುಕ್ಯರ ದಂಡನ್ನು ರಾತ್ರಿ ದಾಳಿಯಲ್ಲಿ ಚದುರಿಸಿದ, ದೊರೆ ಮೆಚ್ಚಿ ಏನು ಬೇಕು ಕೇಳೆಂದಾಗ ಬಸದಿಗಾಗಿ ಒಂದು ಹಳ್ಳಿ ಕೇಳಿದ. ಘಟ್ಟದ ಈಚೆ ಕಳಸದಿಂದ ಆಚೆ ಕಾರ್ಕಳದವರೆಗೆ ಆಳಿದ ಭೈರರಸರು ಕಳಸೇಶ್ವರನಿಗೂ ನಡೆದುಕೊಂಡರು, ಬಸದಿಗಳಿಗೂ ದತ್ತಿ ಬಿಟ್ಟರು. ಆ ವಂಶದ ವೀರಪಾಂಡ್ಯ 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ. ಗೊಮ್ಮಟನ ಕಥೆಯೇ ಯುದ್ಧ ಬೇಡವೆಂದ ಕಥೆ. ಭರತ, ಬಾಹುಬಲಿ ಇಬ್ಬರೂ ಸೈನ್ಯಗಳನ್ನು ಬದಿಗೆ ನಿಲ್ಲಿಸಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತಾವೇ ಸೆಣಸಿದರು. ಜಗಳ ಯಾರದೋ ಅವರೇ ಬೆವರು ಸುರಿಸಲಿ ಎಂಬ ವಿವೇಕ ಅಲ್ಲಿದೆ. ಅಂಥ ಮೂರ್ತಿಯನ್ನು ಕಡೆಸಿದ ಅರಸರು ತಮ್ಮ ಜಗಳಗಳಿಗೆ ಮಾತ್ರ ಬೇರೆಯವರ ಮಕ್ಕಳನ್ನು ಕಳಿಸಿದರು. ಊರೂರಿನ ವೀರಗಲ್ಲುಗಳು ಅದಕ್ಕೆ ಸಾಕ್ಷಿ.

ಆದರೆ ಜೈನರ ಕೋಲಿಗೆ ಇನ್ನೊಂದು ಮುಖವಿದೆ. ಅರಸರಿಗೆ ಅದು ಅಷ್ಟು ಹಿಡಿಸಲಿಲ್ಲ. ಮುನಿಯ ಅಹಿಂಸಾ ವ್ರತಕ್ಕೆ ಮೂರು ಬಾಗಿಲು: ಕೃತ, ಕಾರಿತ, ಅನುಮೋದನ. ತಾನು ಮಾಡಬಾರದು, ಬೇರೆಯವರಿಂದ ಮಾಡಿಸಬಾರದು, ಮಾಡಿದ್ದನ್ನು ಮೆಚ್ಚಬಾರದು. ಮೂರರಲ್ಲಿ ಯಾವುದಾದರೂ ಪಾಪ ಒಳಗೆ ಬರುತ್ತದೆ. ಈ ಲೆಕ್ಕಕ್ಕೆ ಅಂಗಡಿಯ ಕಥೆಯಲ್ಲಿ ಸಿಕ್ಕಿಬೀಳುವವನು ಸಳನಲ್ಲ, ಸುದತ್ತ. ಸಳ ಗೃಹಸ್ಥ, ಮೇಲೆ ಬಿದ್ದ ಹುಲಿಯನ್ನು ತಡೆದ. 'ಹೊಯ್' ಎಂದವನು ಮುನಿ, ಅವನಿಗೆ ಆ ರಿಯಾಯಿತಿ ಇಲ್ಲ. ಯಶೋಧರನ ಕಥೆ ಈ ಲೆಕ್ಕವನ್ನು ತಪ್ಪಿಸುವುದಿಲ್ಲ. ಕತ್ತಿ ಹಿಡಿದದ್ದು ಮಗನಾದರೂ ಒತ್ತಾಯಿಸಿದ ತಾಯಿಯೂ ಅವನ ಜತೆಗೇ ಜನ್ಮ ಜನ್ಮ ಅಲೆಯುತ್ತಾಳೆ. ಜನ್ನನ ನ್ಯಾಯದಲ್ಲಿ ಮಾಡಿಸಿದವರಿಗೆ ಬಿಡುಗಡೆಯಿಲ್ಲ.

ಯುದ್ಧ ಮತ್ತು ಗರ್ಭ ಎರಡನ್ನೂ ಎದುರುಬದುರು ಇಟ್ಟ ಇನ್ನೊಂದು ಕಥೆ ಮಹಾಭಾರತದಲ್ಲಿದೆ. ಹದಿನೆಂಟು ಅಕ್ಷೋಹಿಣಿ ಸತ್ತ ಮೇಲೆ ಅಶ್ವತ್ಥಾಮ ಉತ್ತರೆಯ ಗರ್ಭದತ್ತ ಅಸ್ತ್ರ ತಿರುಗಿಸುತ್ತಾನೆ. ಯುದ್ಧದ ಕೊಲೆಗಳಿಗೆಲ್ಲ ಏನಾದರೊಂದು ಸಮರ್ಥನೆ ಕೊಡುವ ಆ ಕೃತಿ ಇಲ್ಲಿ ಮಾತ್ರ ಶಾಪ ಕೊಡುತ್ತದೆ. ಭ್ರೂಣಹತ್ಯೆಯನ್ನು ಮಹಾಪಾತಕವೆಂದ ಧರ್ಮಶಾಸ್ತ್ರಗಳೇ ರಣದಲ್ಲಿ ಸತ್ತವನಿಗೆ ಸ್ವರ್ಗ ಹೇಳಿದವು. ರಣರಂಗದಲ್ಲಿ ಇಬ್ಬರ ಕೈಯಲ್ಲೂ ಆಯುಧವಿದೆ, ಗರ್ಭಕ್ಕೆ ಆಯುಧವಿಲ್ಲ ಎಂಬ ತರ್ಕ ಅದರ ಹಿಂದಿದೆ. ಆ ತರ್ಕ ತಕ್ಕಮಟ್ಟಿಗೆ ಸರಿಯೂ ಇದೆ. ಆದರೆ ಆ ಕಥೆಯಲ್ಲಿ ಉತ್ತರೆಯ ಮೈಮೇಲೆ ಬಂದದ್ದು ಶತ್ರುವಿನ ಅಸ್ತ್ರ. ಹೊತ್ತವಳೇ ಹೊರಲಾರೆನೆಂದರೆ ಏನು ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ.

ಆ ಪ್ರಶ್ನೆ ಮಲೆನಾಡಿನ ಅಗ್ರಹಾರಗಳಲ್ಲಿ ಬಂತು. ಯು.ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯನ್ನೋ, ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಮಾಡಿದ ಸಿನಿಮಾವನ್ನೋ ಬಲ್ಲವರು ಯಮುನಕ್ಕನನ್ನು ಮರೆಯಲಾರರು. ಬಾಲವಿಧವೆ, ಬಸುರಿ. ಬಸಿರು ಉಳಿಸಿಕೊಂಡರೆ ಊರು ಬಿಡುವುದಿಲ್ಲ, ತೆಗೆಸಿಕೊಂಡರೂ ಬಿಡುವುದಿಲ್ಲ. ಕೊನೆಗೆ ಜೀವಂತ ಹೆಣ್ಣಿಗೆ ಊರು ಶ್ರಾದ್ಧ ಮಾಡುತ್ತದೆ. ಕೃತ, ಕಾರಿತ, ಅನುಮೋದನ ಎಂಬ ಕೋಲನ್ನು ಇಲ್ಲಿಟ್ಟು ನೋಡಿ. ಆ ಗರ್ಭಪಾತವನ್ನು ಮಾಡಿಸಿದವರು ಯಾರು? ಅದನ್ನು ಪಾಪವೆನ್ನುವ ಊರೇ ಅದಕ್ಕೆ ಅವಳನ್ನು ನೂಕಿತ್ತು. 1860ರ ಭಾರತೀಯ ದಂಡ ಸಂಹಿತೆಯ 312ನೆಯ ಕಲಮು ಕೂಡ ಆ ಊರನ್ನು ಕಾಣಲಿಲ್ಲ. ಹೆಣ್ಣಿನ ಜೀವ ಉಳಿಸುವ ಸಂದರ್ಭ ಬಿಟ್ಟರೆ ಗರ್ಭಪಾತ ಮಾಡಿದವರಿಗೆ ಶಿಕ್ಷೆ, ತಾನೇ ಮಾಡಿಕೊಂಡ ಹೆಣ್ಣಿಗೂ ಶಿಕ್ಷೆ. ನೂಕಿದವರ ಹೆಸರು ಅಲ್ಲಿಲ್ಲ.

ಆ ಕಲಮಿನ ಬಿಗಿ ಸಡಿಲಾದದ್ದು 1971ರಲ್ಲಿ. ಕದ್ದುಮುಚ್ಚಿ ನಡೆಯುವ ಗರ್ಭಪಾತಗಳಲ್ಲಿ ಹೆಂಗಸರು ಸಾಯುತ್ತಿದ್ದರು. 1964ರಲ್ಲಿ ನೇಮಕವಾದ ಶಾಂತಿಲಾಲ್ ಶಾ ಸಮಿತಿ 1966ರಲ್ಲಿ ವರದಿ ಕೊಟ್ಟಿತು. ವೈದ್ಯಕೀಯ ಗರ್ಭಪಾತ ಕಾಯ್ದೆಯ ತಾರೀಕು 1971ರ ಆಗಸ್ಟ್ 10. ಅದರ ಹಿಂದಿನ ದಿನ, ಆಗಸ್ಟ್ 9ರಂದು, ದೆಹಲಿಯಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟದ ಸ್ನೇಹ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಡಿಸೆಂಬರಿನ ಯುದ್ಧಕ್ಕೆ ಬೆನ್ನಾದ ಒಪ್ಪಂದ ಅದು. ಒಂದೇ ಸರ್ಕಾರ, ಒಂದೇ ವಾರ, ಜೀವ ತೆಗೆಯುವುದಕ್ಕೆ ಸಂಬಂಧಪಟ್ಟ ಎರಡು ದೊಡ್ಡ ಹೆಜ್ಜೆ. ಇವೆರಡನ್ನು ಜೋಡಿಸಿ ಯೋಚಿಸಿದವರು ಆಗ ವಿರಳ. ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದ ಆ ವರ್ಷ ಯುದ್ಧವನ್ನು ವಿರೋಧಿ ಹಿಂಸೆಯೆಂದು ಹೇಳಲು ಕಾರಣಗಳಿದ್ದವು. ಹೆಣ್ಣಿನ ಜೀವಕ್ಕೋ ಆರೋಗ್ಯಕ್ಕೋ ಅಪಾಯವಿದ್ದರೆ, ಅತ್ಯಾಚಾರದಿಂದ ಬಸಿರಾಗಿದ್ದರೆ ಗರ್ಭ ತೆಗೆಯಬಹುದೆಂದ ಕಾಯ್ದೆಗೂ ಅಂಥವೇ ಕಾರಣಗಳಿದ್ದವು. ಆದರೆ ಒಂದು ವ್ಯತ್ಯಾಸ ಕಾಣುತ್ತದೆ. ಕಾಯ್ದೆ ಪ್ರತಿಯೊಂದು ಗರ್ಭಕ್ಕೂ ಕಾರಣ ಬರೆದಿಡಲು ಹೇಳಿತು: 12 ವಾರದವರೆಗೆ ಒಬ್ಬ ವೈದ್ಯರ, 20 ವಾರದವರೆಗೆ ಇಬ್ಬರ ಅಭಿಪ್ರಾಯ. ರಣದಲ್ಲಿ ಸತ್ತ ಒಬ್ಬೊಬ್ಬನ ಹೆಸರಿನ ಮುಂದೆ ಯಾರೂ ಕಾರಣ ಬರೆಯಬೇಕಾಗಿಲ್ಲ.

ಆ ಯುದ್ಧದಲ್ಲೇ ಎರಡು ಪ್ರಶ್ನೆಗಳೂ ಒಂದೇ ದೇಹದಲ್ಲಿ ಬಂದು ನಿಂತವು. ಪಾಕಿಸ್ತಾನದ ಸೈನಿಕರಿಂದ ಅತ್ಯಾಚಾರಕ್ಕೊಳಗಾದ ಹೆಂಗಸರನ್ನು ಹೊಸ ಬಾಂಗ್ಲಾದೇಶ 'ಬೀರಾಂಗನಾ' ಎಂದು ಕರೆಯಿತು. ಅವರಿಗಾಗಿ 1972ರಲ್ಲಿ ಗರ್ಭಪಾತದ ನಿಷೇಧವನ್ನು ಸಡಿಲಿಸಲಾಯಿತು. ಹುಟ್ಟಿದ ಮಕ್ಕಳನ್ನು ದತ್ತು ಕೊಡಿಸಲು ಮದರ್ ತೆರೇಸಾರ ಸಂಸ್ಥೆ ಢಾಕಾಕ್ಕೆ ಹೋಯಿತು. 1979ರಲ್ಲಿ ಶಾಂತಿ ನೊಬೆಲ್ ಪಡೆದಾಗ ಅವರು ಗರ್ಭಪಾತವೇ ಶಾಂತಿಯ ಅತಿ ದೊಡ್ಡ ಶತ್ರು ಎಂಬರ್ಥದ ಮಾತಾಡಿದರು. ಅವರ ಮಾತಿನಲ್ಲಿ ಪ್ರಾಮಾಣಿಕತೆಯಿತ್ತು, ಮಕ್ಕಳನ್ನು ಎತ್ತಿಕೊಂಡ ಕೈಯಿಂದ ಬಂದ ಮಾತದು. ಆದರೂ ಢಾಕಾದ ಆ ಹೆಂಗಸರ ಕಡೆಯಿಂದ ನೋಡಿದರೆ ಕೃತಕ್ಕಿಂತ ಮೊದಲು ಕಾರಿತ ಇತ್ತು. ಬಸಿರು ಮಾಡಿದ್ದು ಯುದ್ಧ.

ಗಾಂಧಿ ಈ ವಿಷಯದಲ್ಲಿ ಕಟುವಾಗಿದ್ದರು. ಯುದ್ಧದಲ್ಲಿ ಬಂದೂಕು ಹಿಡಿದವನಿಗೂ ಗಾಯಾಳುಗಳ ಸೇವೆಗೆ ಹೋದವನಿಗೂ ಅಹಿಂಸೆಯ ದೃಷ್ಟಿಯಲ್ಲಿ ಭೇದವಿಲ್ಲವೆಂದು ತಮ್ಮ ಆತ್ಮಕಥೆಯಲ್ಲಿ ಬರೆದರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಬ್ರಿಟಿಷ್ ಸೈನ್ಯಕ್ಕೆ ಜನ ಸೇರಿಸಲು ಹಳ್ಳಿ ಹಳ್ಳಿ ಸುತ್ತಿದವರೂ ಅವರೇ. ಅಂಥವರಿಗೂ ಪೂರ್ತಿ ಹೊಂದಿಸಲಾಗದ ಲೆಕ್ಕವಿದು. ಆದರೆ ಅವರು ತಮ್ಮ ಪಾಲನ್ನು ಲೆಕ್ಕದಿಂದ ಹೊರಗಿಡಲಿಲ್ಲ.

ಇನ್ನು ಚಿಕ್ಕಮಗಳೂರು. 1971ರ ಆ ಎರಡು ಹೆಜ್ಜೆ ಇಟ್ಟ ಸರ್ಕಾರವೇ ತುರ್ತುಪರಿಸ್ಥಿತಿಯಲ್ಲಿ ಮೂರನೆಯ ಹೆಜ್ಜೆ ಇಟ್ಟಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಅವುಗಳಲ್ಲಿ ಎಷ್ಟೋ ಬಲವಂತದವು. ಅಲ್ಲಿ ಯಾವ ಜೀವವನ್ನೂ ಕೊಂದಿರಲಿಲ್ಲ. ಆದರೂ ಉತ್ತರ ಭಾರತದ ಜನ ಅದನ್ನು ಹಿಂಸೆಯೆಂದೇ ಅರಿತು 1977ರಲ್ಲಿ ಸರ್ಕಾರವನ್ನು ಕಿತ್ತೆಸೆದರು. ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಮರುವರ್ಷ ಮೂಡಿಗೆರೆ ಕಡೆಯ ಡಿ.ಬಿ. ಚಂದ್ರೇಗೌಡರು ತಮ್ಮ ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರ ಎದುರು 77,000ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಆ ಚುನಾವಣೆಯನ್ನು ನಾವು ಘೋಷಣೆಗಳ, ಹಾಡುಗಳ, ರಾಷ್ಟ್ರ ನಾಯಕರು ಕಾಫಿ ತೋಟಗಳ ನಡುವೆ ಜೀಪಿನಲ್ಲಿ ಓಡಾಡಿದ ರೋಚಕ ಕಥೆಯಾಗಿ ಹೇಳುತ್ತೇವೆ. ಮತ ಹಾಕಿದವರಿಗೆ ಭೂಸುಧಾರಣೆ, ಬಡವರ ಕಾರ್ಯಕ್ರಮಗಳು ಎಂದೆಲ್ಲ ಅವರವರ ಕಾರಣಗಳಿದ್ದವು. ಅವರನ್ನು ಕಟಕಟೆಗೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಆದರೆ ಅನುಮೋದನ ಎಂಬ ಮೂರನೆಯ ಬಾಗಿಲು ಪ್ರಜಾಪ್ರಭುತ್ವದಲ್ಲಿ ಎಲ್ಲಿ ತೆರೆಯುತ್ತದೆ ಎಂದು ತೋರಿಸಲು ಮತಗಟ್ಟೆಗಿಂತ ಒಳ್ಳೆಯ ಜಾಗವಿಲ್ಲ. ಅರಸನ ಕಾಲದಲ್ಲಿ ಅನುಮೋದನ ಮನಸ್ಸಿನೊಳಗಿನ ಸಂಗತಿಯಾಗಿತ್ತು. ಈಗ ಅದಕ್ಕೆ ಎಣಿಕೆಯಿದೆ.

ಈ ಲೆಕ್ಕ ಮತ್ತೊಮ್ಮೆ ಕನ್ನಡದವರ ಮನೆಗೆ ಬಂದದ್ದು 2012ರಲ್ಲಿ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇಯಲ್ಲಿ 17 ವಾರದ ಬಸುರಿಯಾಗಿದ್ದರು. ಗರ್ಭ ಉಳಿಯುವುದಿಲ್ಲವೆಂದು ತಿಳಿದ ಮೇಲೆ ಅದನ್ನು ತೆಗೆಯಿರೆಂದು ಕೇಳಿದರು. ಭ್ರೂಣದ ಹೃದಯ ಬಡಿಯುತ್ತಿದೆಯೆಂದು ವೈದ್ಯರು ಒಪ್ಪಲಿಲ್ಲ. ಸೋಂಕು ಏರಿ ಅಕ್ಟೋಬರ್ 28ರಂದು ಅವರು ತೀರಿಕೊಂಡರು. ತಾಯಿಗೂ ಗರ್ಭಕ್ಕೂ ಬದುಕುವ ಹಕ್ಕು ಸಮಾನವೆಂದು ಐರ್ಲೆಂಡ್ 1983ರಲ್ಲಿ ತನ್ನ ಸಂವಿಧಾನದಲ್ಲಿ ಬರೆದುಕೊಂಡಿತ್ತು. ಅದೇ ವರ್ಷ ಅಮೆರಿಕದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್, ಗರ್ಭಪಾತವನ್ನು ವಿರೋಧಿಸುವವರು ಅಣುಬಾಂಬನ್ನೂ ಮರಣದಂಡನೆಯನ್ನೂ ವಿರೋಧಿಸಬೇಕು, ಜೀವದ ವಿಷಯದಲ್ಲಿ ಬಟ್ಟೆಗೆ ಹೊಲಿಗೆ ಇರಬಾರದು ಎಂದು ವಾದಿಸಿದ್ದರು. ಅವರದು ಗೌರವ ಹುಟ್ಟಿಸುವ ನಿಲುವು. ಐರ್ಲೆಂಡ್ ಕೂಡ ಯುದ್ಧಗಳಲ್ಲಿ ತಟಸ್ಥವೆಂದು ಹೇಳಿಕೊಳ್ಳುವ ದೇಶ. ಆದರೂ 2003ರ ಇರಾಕ್ ಯುದ್ಧಕ್ಕೆ ಹೊರಟ ಅಮೆರಿಕದ ಸೈನಿಕರು ಅದರ ಶ್ಯಾನನ್ ವಿಮಾನ ನಿಲ್ದಾಣದಲ್ಲಿ ಇಳಿದು ಮುಂದೆ ಹೋದರು. ಗರ್ಭದ ಬಡಿತ ಕೇಳಿಸಿಕೊಂಡ ಕಾನೂನಿಗೆ ಬಾಗ್ದಾದಿನ ಬಸುರಿಯರು ದೂರವಾಗಿದ್ದರು, ಎದುರಿಗೇ ಮಲಗಿದ್ದ ಬೆಳಗಾವಿಯ ಹೆಣ್ಣೂ ದೂರವೇ ಆದಳು. 2018ರ ಮೇ 25ರಂದು ಐರ್ಲೆಂಡಿನ ಶೇಕಡಾ 66.4 ಮತದಾರರು ಆ ತಿದ್ದುಪಡಿಯನ್ನು ತೆಗೆದುಹಾಕಿದರು.

ಹಾಗಾದರೆ ನೈತಿಕ ಏಕಸೂತ್ರತೆ ಎಂದರೆ ಏನು? ಎಲ್ಲ ಕೊಲೆಗೂ ಒಂದೇ ತೀರ್ಪು ಕೊಡುವುದೆಂದು ಹೇಳುವವರಿದ್ದಾರೆ. ಜನ್ನ, ಸೋಮದೇವರ ದಾರಿ ಬೇರೆ. ಅವರು ಬೇರೆ ಬೇರೆ ತೀರ್ಪು ಕೊಟ್ಟರು, ಆದರೆ ಅದೇ ಕೋಲಿನಿಂದ ಅಳೆದರು: ಸಂಕಲ್ಪ ಏನು, ಬೇರೆ ದಾರಿ ಇತ್ತೇ, ಮಾಡಿಸಿದವರು ಯಾರು, ಮೆಚ್ಚಿದವರು ಯಾರು. ಈ ಕೋಲು ಯಾರಿಗೂ ಸುಲಭವಲ್ಲ. ಗರ್ಭ ಏನೂ ಅಲ್ಲ, ಅದರ ಬಗ್ಗೆ ಯೋಚಿಸಲು ಏನಿದೆ ಎನ್ನುವವರಿಗೆ ಅದು ಒಪ್ಪುವುದಿಲ್ಲ. ಹಿಟ್ಟಿನ ಹುಂಜಕ್ಕೇ ಮರುಗಿದವರು ಅಷ್ಟು ಹಗುರವಾಗಿ ಮಾತಾಡಲು ಬಿಡುವುದಿಲ್ಲ. ಗಂಡು ಬೇಕೆಂದು ಹೆಣ್ಣುಭ್ರೂಣ ತೆಗೆಸುವುದನ್ನು ತಡೆಯಲು 1994ರಲ್ಲಿ ಕಾಯ್ದೆ ಬಂತಲ್ಲ, ಅಲ್ಲಿ ನಡೆಯುವುದು ಅಪ್ಪಟ ಸಂಕಲ್ಪ ಹಿಂಸೆ. ಅಲ್ಲಿ ಕೂಡ ಒತ್ತಾಯಿಸುವ ಚಂದ್ರಮತಿಯರು ಮನೆಯೊಳಗೇ ಇರುತ್ತಾರೆ, ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗುವವಳು ಒಬ್ಬಳೇ. ಹಾಗೆಯೇ ಸವಿತಾರ ಸಂದರ್ಭದಲ್ಲಿ ಇದ್ದದ್ದು ತನ್ನ ಜೀವ ಉಳಿಸಿಕೊಳ್ಳುವ ಬೇಡಿಕೆ. ಈ ಎರಡನ್ನೂ ಗರ್ಭಪಾತ ಎಂಬ ಒಂದೇ ಹೆಸರಿನಲ್ಲಿ ಕಟ್ಟಿಹಾಕಿ ತೀರ್ಪು ಕೊಡುವುದು ಏಕಸೂತ್ರತೆಯಲ್ಲ, ಸೋಮಾರಿತನ.

ನಮ್ಮ ನಿಜವಾದ ಇಬ್ಬಂದಿತನ ಇರುವುದು ಬೇರೆ ಕಡೆ. ಗರ್ಭಪಾತದಲ್ಲಿ ನಾವು ಕೃತವನ್ನು ಮಾತ್ರ ನೋಡುತ್ತೇವೆ: ಹೆಣ್ಣು ಏನು ಮಾಡಿದಳು ಎಂದು ಕೇಳುತ್ತೇವೆ, ಅಲ್ಲಿಗೆ ಅವಳನ್ನು ನೂಕಿದ ಮನೆ, ಊರು, ಗಂಡಸು ಮರೆಗೆ ಸರಿಯುತ್ತಾರೆ. ಯುದ್ಧದಲ್ಲಿ ಕೃತಕ್ಕೆ ಪದಕ ಕೊಡುತ್ತೇವೆ, ಕಾರಿತಕ್ಕೆ ಪ್ರತಿಮೆ ನಿಲ್ಲಿಸುತ್ತೇವೆ, ಅನುಮೋದನವನ್ನು ದೇಶಭಕ್ತಿ ಎನ್ನುತ್ತೇವೆ. ಒಂದು ಕಡೆ ಲೆಕ್ಕವೆಲ್ಲ ಒಬ್ಬಳ ತಲೆಗೆ, ಇನ್ನೊಂದು ಕಡೆ ಲೆಕ್ಕವೇ ಇಲ್ಲ. ಗರ್ಭಪಾತದ ಪ್ರಶ್ನೆಯಲ್ಲಿ ನಾವು ಎಷ್ಟು ನಿಷ್ಠುರವಾಗಿ ಕಾರಣ ಕೇಳುತ್ತೇವೆಯೋ ಯುದ್ಧದ ಪ್ರಶ್ನೆಯಲ್ಲೂ ಅಷ್ಟೇ ನಿಷ್ಠುರವಾಗಿ ಕೇಳಬೇಕು. ಯುದ್ಧದಲ್ಲಿ ಅನಿವಾರ್ಯತೆಯ ಮಾತನ್ನು ಎಷ್ಟು ಬೇಗ ನಂಬುತ್ತೇವೆಯೋ ಒಬ್ಬ ಬಸುರಿ ಹೇಳುವ ಅನಿವಾರ್ಯತೆಯನ್ನೂ ಅಷ್ಟೇ ಬೇಗ ನಂಬಬೇಕು.

ಸಳ ನಿಜವಾಗಿ ಇದ್ದನೋ ಇಲ್ಲವೋ ಗೊತ್ತಿಲ್ಲ. ಆದರೆ ಅವನ ಕಥೆಯನ್ನು ಕೆತ್ತಿಸಿದವರು ಹೊಡೆಯುವವನನ್ನೂ ಹುಲಿಯನ್ನೂ ಆಳೆತ್ತರಕ್ಕೆ ತೋರಿಸಿದರು. 'ಹೊಯ್' ಎಂದ ಮುನಿ ಆ ಶಿಲ್ಪದಲ್ಲಿ ಇಲ್ಲ. ಹುಲಿಯ ರಕ್ತದಲ್ಲಿ ಅವನ ಪಾಲೆಷ್ಟು ಎಂಬುದು ಬೇಲೂರಿನ ಕಲ್ಲಿನಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ಜನ್ನನನ್ನೇ ಓದಬೇಕು.